ಕರಾವಳಿ ಹಳ್ಳಿಗಳಲ್ಲಿ ಕಿಡ್ನಿ ಸಮೀಕ್ಷೆ: 2,400 ಮಂದಿಗೆ ಒಂದು ಸಲವೋ, 1,500 ಮಂದಿಗೆ ಎರಡು ಸಲವೋ?

ಕಡಲತಡಿ_ಸಮುದಾಯವೈದ್ಯ

ಉಡುಪಿ ಮತ್ತು ಕಾಪು ತಾಲೂಕುಗಳ ಕಡಲತಡಿ ಗ್ರಾಮಗಳಲ್ಲಿ 30 ವರ್ಷ ದಾಟಿದವರ ಕಿಡ್ನಿ ಸಮೀಕ್ಷೆಗೆ ಯೋಜನೆ ಬರೆಯುತ್ತಿದ್ದೇನೆ. ಮೀನುಗಾರರ ಮನೆಗಳು, ಬೀಡಿ ಕಟ್ಟುವ ಹೆಂಗಸರು, ಗೇರು ಕಾರ್ಖಾನೆಯ ಕೆಲಸದವರು, ತೋಟದ ಕೂಲಿಯವರು ಎಲ್ಲರೂ ಇದರಲ್ಲಿ ಬರುತ್ತಾರೆ. ಎರಡು ಪ್ರಶ್ನೆಗೆ ಉತ್ತರ ಬೇಕು. ಒಂದು, ದೀರ್ಘಕಾಲದ ಕಿಡ್ನಿ ಕಾಯಿಲೆ ಅಂದರೆ ಸಿಕೆಡಿ ಎಷ್ಟು ಮಂದಿಗೆ ಉಂಟು. ಎರಡು, ಇದೇ ಗುಂಪನ್ನು ಐದು ವರ್ಷ ಹಿಂಬಾಲಿಸಿದರೆ ಸಾವು, ಹೃದಯಾಘಾತ, ಪಾರ್ಶ್ವವಾಯು ಇವುಗಳಿಗೂ ಕಿಡ್ನಿಯ ಸ್ಥಿತಿಗೂ ಎಂಥ ಸಂಬಂಧ ಕಾಣುತ್ತದೆ.

ಹಣ ಸೀಮಿತ. ಮೊದಲಿನ ಲೆಕ್ಕದಲ್ಲಿ 2,400 ಮಂದಿಗೆ ಒಂದೇ ಭೇಟಿ: ಸೀರಮ್ ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯದ ರಕ್ತಪರೀಕ್ಷೆ), ಮೂತ್ರಕ್ಕೆ ಡಿಪ್‌ಸ್ಟಿಕ್ ಅಂದರೆ ಅದ್ದಿ ಬಣ್ಣ ನೋಡುವ ಪಟ್ಟಿ, ಬಿಪಿ, ಸಕ್ಕರೆ. ಇನ್ನೊಂದು ಲೆಕ್ಕದಲ್ಲಿ ಮಂದಿ 1,500ಕ್ಕೆ ಇಳಿಯುತ್ತಾರೆ, ಆದರೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಎಸಿಆರ್; ಅಲ್ಬುಮಿನ್ ಅಂದರೆ ಕಿಡ್ನಿಗೆ ಹಾನಿಯಾದಾಗ ಮೂತ್ರಕ್ಕೆ ಸೋರುವ ಪ್ರೋಟೀನ್) ಮಾಡಬಹುದು, ಮೂರು ತಿಂಗಳ ಮೇಲೆ ಎರಡನೇ ಸುತ್ತೂ ಸಾಧ್ಯ. ಸಂಖ್ಯೆ ದೊಡ್ಡದಿದ್ದರೆ ಪ್ರಬಂಧಕ್ಕೆ ತೂಕ ಎಂದು ಮಾರ್ಗದರ್ಶಕರ ಅಭಿಪ್ರಾಯ.

ಸಮಯ ಜೂನ್–ಜುಲೈ ಎಂದುಕೊಂಡಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಗಂಡಸರು ಮನೆಯಲ್ಲಿ ಸಿಗುತ್ತಾರೆ. ಯಾವ ಸೂತ್ರ, ಯಾವ ವಿಧಾನ, ಮಾದರಿ ಎಲ್ಲಿ ಹಾಳಾಗುತ್ತದೆ ಎಂದು ತಿಳಿದವರು ವಿವರವಾಗಿ ಹೇಳಬೇಕು.

ನೆಫ್ರಾನ್_ಮಂಗಳೂರು

ಡಾಕ್ಟ್ರೇ, 1,500ರ ಯೋಜನೆಯನ್ನೇ ಹಿಡಿಯಿರಿ. ಸಂಖ್ಯೆಗಾಗಿ ಎಸಿಆರ್ ಮತ್ತು ಎರಡನೇ ಸುತ್ತು ಬಿಟ್ಟರೆ ಉಳಿಯುವುದು ಸಿಕೆಡಿ ಸಮೀಕ್ಷೆಯೇ ಅಲ್ಲ. ಕಿಡ್ನಿ ಕಾಯಿಲೆಗೆ ಅಂತಾರಾಷ್ಟ್ರೀಯ ಮಾರ್ಗಸೂಚಿ ಬರೆಯುವ ಕೆಡಿಗೋ ಸಂಸ್ಥೆಯ ವ್ಯಾಖ್ಯೆಯ ಪ್ರಕಾರ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗ, ಕ್ರಿಯಾಟಿನಿನ್‌ನಿಂದ ಸೂತ್ರ ಹಾಕಿ ಅಂದಾಜಿಸಿದ್ದು) 60ಕ್ಕಿಂತ ಕಡಿಮೆ ಅಥವಾ ಕಿಡ್ನಿಗೆ ಹಾನಿಯಾದ ಗುರುತು ಮೂರು ತಿಂಗಳಿಗಿಂತ ಹೆಚ್ಚು ಇರಬೇಕು. ಒಂದೇ ದಿನದ ರಕ್ತ ನೋಡಿ ಆ ಮೂರು ತಿಂಗಳನ್ನು ಹೇಳಲಿಕ್ಕೆ ಆಗುವುದಿಲ್ಲ. ಭಾರತದ 13 ಕೇಂದ್ರಗಳ ಸೀಕ್ ಅಧ್ಯಯನ 2013ರಲ್ಲಿ ಶೇ. 17.2 ಎಂದು ವರದಿ ಮಾಡಿತು, ಅದೂ ಒಂದೇ ಭೇಟಿಯ ಅಳತೆ. ಎರಡನೇ ಸಲ ನೋಡಿದ್ದರೆ ಅಂಕಿ ಕೆಳಗೆ ಬರುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಡಿಪ್‌ಸ್ಟಿಕ್ ಯಾಕೆ ಸಾಲುವುದಿಲ್ಲ? ಅದು ನೋಡುವುದು ಸಾಂದ್ರತೆಯನ್ನು ಮಾತ್ರ. 'ಟ್ರೇಸ್' ಎಂದು ಬಣ್ಣ ತಿರುಗಲಿಕ್ಕೆ ಲೀಟರಿಗೆ ಸುಮಾರು 150 ಮಿಲಿಗ್ರಾಂ ಅಲ್ಬುಮಿನ್ ಬೇಕು. ನಿಮಗೆ ಬೇಕಾದದ್ದು ಗ್ರಾಂ ಕ್ರಿಯಾಟಿನಿನ್‌ಗೆ 30ರಿಂದ 300 ಮಿಲಿಗ್ರಾಂ ಇರುವ ಎ2 ಗುಂಪು. ಸಮುದಾಯದಲ್ಲಿ ಹೆಚ್ಚಿನವರು ಸಿಗುವುದೂ ಅಲ್ಲೇ. ಬೆಳಿಗ್ಗೆ ಎರಡು ಚೆಂಬು ನೀರು ಕುಡಿದು ಬಂದವರ ಮೂತ್ರ ತೆಳುವಾಗಿದ್ದರೆ ಡಿಪ್‌ಸ್ಟಿಕ್ ಅವರನ್ನು ಆರೋಗ್ಯವಂತರೆಂದು ಬಿಟ್ಟುಬಿಡುತ್ತದೆ. ಎಸಿಆರ್‌ನಲ್ಲಿ ಕ್ರಿಯಾಟಿನಿನ್‌ನಿಂದ ಭಾಗಿಸುವುದರಿಂದ ತೆಳು-ದಪ್ಪದ ವ್ಯತ್ಯಾಸ ಬಹುಮಟ್ಟಿಗೆ ಸರಿಹೋಗುತ್ತದೆ. ಭಾಗಿಸುವುದಕ್ಕೂ ಒಂದು ಬೆಲೆ ಉಂಟು: ಅಲ್ಬುಮಿನ್ ಲೀಟರಿಗೆ 20 ಮಿಲಿಗ್ರಾಂ ಇದ್ದರೆ, ಮೂತ್ರದ ಕ್ರಿಯಾಟಿನಿನ್ 1.5 ಗ್ರಾಂ ಇರುವ ಗಟ್ಟಿಮುಟ್ಟಾದ ಗಂಡಸಿಗೆ ಎಸಿಆರ್ 13, ಅದು 0.5 ಗ್ರಾಂ ಇರುವ ಸಣಕಲು ಅಜ್ಜಿಗೆ 40. ಅಲ್ಬುಮಿನ್ ಒಂದೇ, ಗುಂಪು ಬೇರೆ. ಹಾಗಾಗಿ ಅನುಪಾತ ಮಾತ್ರ ಬರೆದಿಡಬೇಡಿ, ಅಲ್ಬುಮಿನ್ ಮತ್ತು ಮೂತ್ರದ ಕ್ರಿಯಾಟಿನಿನ್ ಎರಡನ್ನೂ ಪ್ರತ್ಯೇಕ ಕಾಲಮ್ಮಿನಲ್ಲಿ ಇಡಿ.

ನಿಮ್ಮ ಎರಡನೇ ಪ್ರಶ್ನೆಗಂತೂ ಎಸಿಆರ್ ಪ್ರಾಣ. 2010ರಲ್ಲಿ ಸಿಕೆಡಿ ಪ್ರೊಗ್ನೋಸಿಸ್ ಕನ್ಸಾರ್ಷಿಯಂ ಹಲವು ದೇಶಗಳ ಸಾಮಾನ್ಯ ಜನಸಮುದಾಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಎಸಿಆರ್ ಇದ್ದವರೇ ಒಂದು ಲಕ್ಷ ದಾಟಿದ್ದರು. ಇಜಿಎಫ್‌ಆರ್ 95 ಇದ್ದವರಿಗೆ ಹೋಲಿಸಿದರೆ ಸಾವಿನ ಅಪಾಯ 60ರಲ್ಲಿ 1.18 ಪಟ್ಟು, 45ರಲ್ಲಿ 1.57, 15ರಲ್ಲಿ 3.14. ಎಸಿಆರ್ 5 ಇದ್ದವರಿಗೆ ಹೋಲಿಸಿದರೆ 10ರಲ್ಲೇ 1.20, 30ರಲ್ಲಿ 1.63, 300ರಲ್ಲಿ 2.22. ಗಮನಿಸಿ, ನಾವು 'ನಾರ್ಮಲ್' ಎಂದು ಬರೆದು ಕಳುಹಿಸುವ 10ರಲ್ಲೂ ಅಪಾಯ ಏರಲು ಶುರುವಾಗಿದೆ. ಎರಡು ಅಳತೆಗಳೂ ಒಂದಕ್ಕೊಂದು ಸ್ವತಂತ್ರವಾಗಿ ಅಪಾಯ ಹೇಳುತ್ತವೆ. ಕೆಡಿಗೋ ಕೋಷ್ಟಕದಲ್ಲಿ ಇಜಿಎಫ್‌ಆರ್‌ನ ಆರು ಸಾಲು, ಎಸಿಆರ್‌ನ ಮೂರು ಕಾಲಮ್ಮು ಇರುವುದು ಅದಕ್ಕೇ. ಇಜಿಎಫ್‌ಆರ್ 50, ಎಸಿಆರ್ 10 ಇದ್ದವರು ಮಧ್ಯಮ ಅಪಾಯದ ಮನೆಯಲ್ಲಿ ಬೀಳುತ್ತಾರೆ. ಅದೇ 50ಕ್ಕೆ ಎಸಿಆರ್ 400 ಆದರೆ ನೇರ ಅತಿ ಹೆಚ್ಚು ಅಪಾಯಕ್ಕೆ. ಡಿಪ್‌ಸ್ಟಿಕ್‌ನಲ್ಲಿ ಈ ಕೋಷ್ಟಕ ತುಂಬಲಿಕ್ಕೆ ಆಗುವುದಿಲ್ಲ.

ಸಮಯದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಮಳೆಗಾಲ ಅಂದರೆ ನಮ್ಮಲ್ಲಿ ಇಲಿಜ್ವರದ ಕಾಲ. ಗದ್ದೆಯಲ್ಲಿ, ಚರಂಡಿ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಲೆಪ್ಟೋಸ್ಪೈರೋಸಿಸ್ ಬಂದು ಕ್ರಿಯಾಟಿನಿನ್ ಏರುತ್ತದೆ, ಹೆಚ್ಚಿನವರಲ್ಲಿ ವಾರಗಳಲ್ಲಿ ಇಳಿಯುತ್ತದೆ. ಮಂಗಳೂರು ಕಡೆ ಮಲೇರಿಯಾವೂ ಸೇರುತ್ತದೆ. ಜುಲೈಯ ಒಂದೇ ಅಳತೆಯಲ್ಲಿ ಇವರೆಲ್ಲ 'ದೀರ್ಘಕಾಲದ ಕಾಯಿಲೆ' ಲೆಕ್ಕಕ್ಕೆ ಹೋಗುತ್ತಾರೆ. ಕಳೆದ ಒಂದು ತಿಂಗಳಲ್ಲಿ ಜ್ವರ, ವಾಂತಿ-ಭೇದಿ, ಆಸ್ಪತ್ರೆ ಸೇರಿದ್ದು ಉಂಟೇ ಎಂದು ಕೇಳಿ. ಉಂಟು ಎಂದವರ ಮೊದಲ ಸುತ್ತನ್ನೇ ಮುಂದೂಡಿ.

ಪ್ರಶ್ನಾವಳಿಯಲ್ಲಿ 'ನೋವಿನ ಮಾತ್ರೆ ತಿನ್ನುತ್ತೀರಾ' ಎಂದು ಕೇಳಿದರೆ ಇಲ್ಲ ಎಂದೇ ಬರುತ್ತದೆ. ಮನೆಯಲ್ಲಿರುವ ಮಾತ್ರೆ ಪಟ್ಟಿಗಳನ್ನು ತಂದು ತೋರಿಸಲು ಹೇಳಿ, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಹೆಸರು ನೋಡಿ ಬರೆಯಿರಿ. ಬೀಡಿ ಕಟ್ಟುವವರಲ್ಲಿ ಬೆನ್ನು-ಕುತ್ತಿಗೆ ನೋವಿಗೆ ಇವು ಧಾರಾಳ ಹೋಗುತ್ತವೆ. ಬಿಂಬುಳಿ ಅಥವಾ ದಾರೆಹುಳಿ ರಸವನ್ನು ಕೊಲೆಸ್ಟರಾಲಿಗೆ, ಸಕ್ಕರೆಗೆ ಎಂದು ಲೋಟಗಟ್ಟಲೆ ಕುಡಿಯುವುದನ್ನೂ ಕೇಳಿ. ಎರಡರಲ್ಲೂ ಆಕ್ಸಲೇಟ್ ಬಹಳ, ಬಿಂಬುಳಿ ರಸದಿಂದ ಕಿಡ್ನಿ ಹಠಾತ್ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಸಾರಿಗೆ ಹುಳಿಯಾಗಿ ಹಾಕುವ ಎರಡು ಕಾಯಿಯ ಮಾತು ಇದಲ್ಲ.

ಲ್ಯಾಬ್_ಬೆಂಚ್

ನೆಫ್ರಾನ್ ಸರ್ ಹೇಳಿದ್ದಕ್ಕೆ ಲ್ಯಾಬಿನ ಕಡೆಯಿಂದ ಸೇರಿಸುತ್ತೇನೆ. ಎಲ್ಲವೂ ಕ್ರಿಯಾಟಿನಿನ್‌ನ ಎರಡನೇ ದಶಮಾಂಶದ ಮೇಲೆ ನಿಂತಿದೆ ಎಂಬುದು ಯೋಜನೆ ಬರೆಯುವವರಿಗೆ ಮನದಟ್ಟಾಗಬೇಕು.

2021ರ ಸಿಕೆಡಿ-ಎಪಿ ಸೂತ್ರ ತೆಗೆದುಕೊಳ್ಳಿ. ಹೆಂಗಸರಿಗೆ, ಕ್ರಿಯಾಟಿನಿನ್ 0.7ಕ್ಕಿಂತ ಹೆಚ್ಚಿದ್ದಾಗ: ಕ್ರಿಯಾಟಿನಿನ್‌ನನ್ನು 0.7ರಿಂದ ಭಾಗಿಸಿ, ಅದಕ್ಕೆ −1.2 ಘಾತ ಹಾಕಿ, 142ರಿಂದ ಗುಣಿಸಿ, 0.9938ಕ್ಕೆ ವಯಸ್ಸಿನ ಘಾತ ಹಾಕಿ ಗುಣಿಸಿ, ಕೊನೆಗೆ 1.012ರಿಂದ ಗುಣಿಸಿ. ಗಂಡಸರಿಗೆ 0.7ರ ಜಾಗದಲ್ಲಿ 0.9, ಕೊನೆಯ 1.012 ಇಲ್ಲ. ಕ್ರಿಯಾಟಿನಿನ್ ಆ ಗಡಿಗಿಂತ ಕೆಳಗಿದ್ದರೆ ಘಾತ ಬೇರೆ: ಹೆಂಗಸರಿಗೆ −0.241, ಗಂಡಸರಿಗೆ −0.302. ಈಗ 55 ವರ್ಷದ ಹೆಂಗಸಿಗೆ ಹಾಕಿ ನೋಡಿ. 0.9 ಬಂದರೆ ಇಜಿಎಫ್‌ಆರ್ ಸುಮಾರು 75, 1.0 ಬಂದರೆ 66, 1.1 ಬಂದರೆ 59. ಡೆಸಿಲೀಟರಿಗೆ 0.1 ಮಿಲಿಗ್ರಾಂ ಮೇಲೆ ಓಡುವ ಮಷಿನ್ ಇದ್ದರೆ ಆರೋಗ್ಯವಾಗಿರುವ ಒಂದು ಇಡೀ ಗುಂಪು 60ರ ಕೆಳಗೆ ಜಾರುತ್ತದೆ. ಒಬ್ಬ ರೋಗಿಗೆ ಇದು ದೊಡ್ಡ ವಿಷಯವಲ್ಲದಿರಬಹುದು, ಸಮುದಾಯದ ಶೇಕಡಾವಾರಿಗೆ ಇದೇ ಎಲ್ಲ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವಾಗ ಘಟಕ ನೋಡಿಕೊಳ್ಳಿ, ಮೈಕ್ರೋಮೋಲ್‌ನಲ್ಲಿ ಬಂದ ವರದಿಯನ್ನು 88.4ರಿಂದ ಭಾಗಿಸಬೇಕು.

ಹಾಗಾಗಿ ಜಾಫೆ ವಿಧಾನ ಬೇಡ, ಎಂಜೈಮ್ಯಾಟಿಕ್ ಮಾಡಿಸಿ. ಜಾಫೆಯಲ್ಲಿ ಪಿಕ್ರೇಟ್ ಬಣ್ಣ ಕ್ರಿಯಾಟಿನಿನ್ ಒಂದಕ್ಕೇ ಬರುವುದಲ್ಲ, ಸಕ್ಕರೆ, ಕೀಟೋನ್, ಪ್ರೋಟೀನ್, ಕೆಲವು ಸೆಫಲೋಸ್ಪೋರಿನ್‌ಗಳಿಗೂ ಬರುತ್ತದೆ. ಬಿಲಿರುಬಿನ್ ಹೆಚ್ಚಿದ್ದರೆ ಉಲ್ಟಾ, ಫಲಿತಾಂಶ ಇಳಿಯುತ್ತದೆ. ಕಾಮಾಲೆ ಬಂದ ಇಲಿಜ್ವರದವರಲ್ಲಿ ಇದು ನೇರ ತೊಂದರೆ. ಸಕ್ಕರೆ ಕಾಯಿಲೆಯವರಲ್ಲಿ ಜಾಫೆ ಕ್ರಿಯಾಟಿನಿನ್ ಸ್ವಲ್ಪ ಮೇಲಿರುವುದರಿಂದ 'ಮಧುಮೇಹಕ್ಕೂ ಕಿಡ್ನಿಗೂ ಸಂಬಂಧ' ಎಂಬ ನಿಮ್ಮ ಲೆಕ್ಕವೇ ಉಬ್ಬುತ್ತದೆ. ಕಿಟ್ ಐಡಿಎಂಎಸ್‌ಗೆ (ಕ್ರಿಯಾಟಿನಿನ್ ಅಳೆಯುವ ಆಧಾರ ವಿಧಾನ) ಜೋಡಿಸಿದ್ದು ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರಬೇಕು. ಮಾರಾಟ ಪ್ರತಿನಿಧಿಯ ಬಾಯಿಮಾತಿಗೆ ಒಪ್ಪಬೇಡಿ. 1,500 ಮಂದಿಗೂ ಒಂದೇ ಲಾಟ್ ಅಂದರೆ ಒಂದೇ ತಯಾರಿಯ ಕಿಟ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಲಾಟ್ ಬದಲಾಗುವ ದಿನ ಕನಿಷ್ಠ 20 ಹಳೆಯ ಮಾದರಿಗಳನ್ನು ಎರಡರಲ್ಲೂ ಓಡಿಸಿ ನೋಡಿ. ದಿನವೂ ಎರಡು ಮಟ್ಟದ ಕಂಟ್ರೋಲ್, ಸಿಎಂಸಿ ವೆಲ್ಲೂರಿನ ಬಾಹ್ಯ ಗುಣಮಟ್ಟ ಯೋಜನೆಯಂಥ ಒಂದರಲ್ಲಿ ನೋಂದಣಿ, ಜತೆಗೆ ಶೇ. 5ರಷ್ಟು ಮಾದರಿಗಳನ್ನು ಬೇರೆ ನಂಬರ್ ಹಾಕಿ ಲ್ಯಾಬಿಗೆ ಗೊತ್ತಾಗದಂತೆ ಇನ್ನೊಮ್ಮೆ ಕಳುಹಿಸುವುದು. ಈ ಕೊನೆಯದನ್ನು ತಪ್ಪಿಸಬೇಡಿ, ನಿಜವಾದ ವ್ಯತ್ಯಾಸ ಕಾಣಿಸುವುದು ಅಲ್ಲಿ.

ರಕ್ತ: ಹಳದಿ ಮುಚ್ಚಳದ ಜೆಲ್ ಟ್ಯೂಬ್, ನಿಧಾನವಾಗಿ ಐದಾರು ಸಲ ತಲೆಕೆಳಗೆ ಮಾಡಿ, ನೆಟ್ಟಗೆ ನಿಲ್ಲಿಸಿ 30 ನಿಮಿಷ ಹೆಪ್ಪುಗಟ್ಟಲು ಬಿಡಿ. ಆಮೇಲೆ 10 ನಿಮಿಷ ಸೆಂಟ್ರಿಫ್ಯೂಜ್. ಅದರ ಮೇಲೆ ಬರೆದಿರುವ ಆರ್‌ಪಿಎಂ ನೋಡಿ ಸುಮ್ಮನಾಗಬೇಡಿ, ಬೇಕಾದದ್ದು ಜಿ-ಬಲ. ಯಂತ್ರದ ತಿರುಗುವ ಕೈಯ ಉದ್ದ (ತ್ರಿಜ್ಯ) ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಆರ್‌ಪಿಎಂನ ವರ್ಗದಿಂದಲೂ 0.00001118ರಿಂದಲೂ ಗುಣಿಸಿ. 10 ಸೆಂ.ಮೀ. ತ್ರಿಜ್ಯದಲ್ಲಿ 3,500 ಸುತ್ತಿಗೆ ಸುಮಾರು 1,370 ಜಿ, ಅದು ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಣ್ಣ ಮೇಜಿನ ಯಂತ್ರದಲ್ಲಿ ಅದೇ 3,500ಕ್ಕೆ ಬಲ ಕಡಿಮೆ. ಜೆಲ್ ಸರಿಯಾಗಿ ಮೇಲೆ ಬರುವುದಿಲ್ಲ, ಕಣಗಳು ಸೀರಮ್‌ಗೆ ಸೇರುತ್ತವೆ. ಬರಲಿಲ್ಲವೆಂದು ಜೆಲ್ ಟ್ಯೂಬನ್ನು ಮತ್ತೊಮ್ಮೆ ತಿರುಗಿಸಬೇಡಿ. ಬೇರ್ಪಡಿಸದ ರಕ್ತವನ್ನು ಏಪ್ರಿಲ್ ಸೆಕೆಯಲ್ಲಿ ಜೀಪಿನ ಡಿಕ್ಕಿಯಲ್ಲಿ ಸಂಜೆವರೆಗೆ ತಿರುಗಾಡಿಸಿದರೆ ಸಕ್ಕರೆ ಇಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಜಾಫೆಯಾದರೆ ಕ್ರಿಯಾಟಿನಿನ್ ಕೂಡ ಏರಿದಂತೆ ಕಾಣುತ್ತದೆ. ಸಕ್ಕರೆಗೆ ಬೂದು ಮುಚ್ಚಳ, ಎಚ್‌ಬಿಎ1ಸಿಗೆ ನೇರಳೆ ಮುಚ್ಚಳ ಪ್ರತ್ಯೇಕ.

ಹಿಂದಿನ ರಾತ್ರಿ ಮೀನು-ಮಾಂಸ ಬೇಡ. ಮಾಂಸ ಬೇಯುವಾಗ ಅದರ ಕ್ರಿಯಾಟಿನ್ ಒಂದಷ್ಟು ಕ್ರಿಯಾಟಿನಿನ್ ಆಗುತ್ತದೆ, ಅದು ತಿಂದವರ ರಕ್ತಕ್ಕೂ ಬರುತ್ತದೆ. ಮೀನಿನ ಸ್ನಾಯುವಿನಲ್ಲೂ ಕ್ರಿಯಾಟಿನ್ ಉಂಟು. ಕಡಲತಡಿಯಲ್ಲಿ ರಾತ್ರಿಯ ಊಟಕ್ಕೆ ಬಂಗುಡೆ-ಭೂತಾಯಿ ಇಲ್ಲದ ಮನೆ ಕಡಿಮೆ. ಹಾಗಾಗಿ ಮುನ್ನಾದಿನದ ಚೀಟಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ, ತಿಂದಿದ್ದರೆ ಬೈಯದೆ ಗುರುತು ಹಾಕಿಕೊಳ್ಳಿ.

ಮೂತ್ರ: ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರ, ನಡುವಿನ ಧಾರೆ. ಮುಟ್ಟಿನ ದಿನಗಳಲ್ಲಿ, ಜ್ವರ ಇದ್ದಾಗ, ಮೂತ್ರದ ಸೋಂಕಿನಲ್ಲಿ, ಹಿಂದಿನ ದಿನ ವಿಪರೀತ ದೈಹಿಕ ದುಡಿಮೆ ಆಗಿದ್ದರೆ ಅಲ್ಬುಮಿನ್ ಸುಳ್ಳೇ ಏರುತ್ತದೆ. 2ರಿಂದ 8 ಡಿಗ್ರಿಯಲ್ಲಿ ಒಂದು ವಾರದೊಳಗೆ ಪರೀಕ್ಷಿಸಿ ಮುಗಿಸಿ. ಮುಂದಕ್ಕೆ ಇಡುವುದಿದ್ದರೆ −80. ಸಾಮಾನ್ಯ ಡೀಪ್ ಫ್ರೀಜರಿನ −20ರಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅಲ್ಬುಮಿನ್ ಒಡೆದು, ಗಸಿಯಾಗಿ ತಳಕ್ಕಿಳಿದು ಫಲಿತಾಂಶ ಕಡಿಮೆ ಬರುತ್ತದೆ. ಐದು ವರ್ಷದ ಹಿಂಬಾಲಿಕೆಗೆ ಮಾದರಿ ಕಾಯ್ದಿಡುವ ಯೋಚನೆ ಇದ್ದರೆ −80 ಇಲ್ಲದೆ ಶುರುಮಾಡುವುದು ಬೇಡ.

ಕಡಲತಡಿ_ಸಮುದಾಯವೈದ್ಯ

ತುಂಬ ಉಪಕಾರ. ಎಂಜೈಮ್ಯಾಟಿಕ್, ಎಸಿಆರ್ ಎರಡನ್ನೂ ಬರೆದುಕೊಂಡೆ. ಎರಡು ಉಳಿದವು. 1,500 ಎಂಬುದು ಸಾಕೇ, ಅದರ ಲೆಕ್ಕ ಸಮಿತಿಯ ಎದುರು ಹೇಗೆ ಇಡುವುದು? ಮತ್ತು ಬೀಡಿ ಕಟ್ಟುವ, ವಯಸ್ಸಾದ ಹೆಂಗಸರಲ್ಲಿ ಸ್ನಾಯುವೇ ಕಡಿಮೆ, ಅವರ ಕ್ರಿಯಾಟಿನಿನ್ ನಂಬುವುದು ಹೇಗೆ? ಸ್ನಾಯುವನ್ನು ಅವಲಂಬಿಸದ ಇನ್ನೊಂದು ರಕ್ತಪರೀಕ್ಷೆ ಸಿಸ್ಟಾಟಿನ್-ಸಿಯನ್ನು ಎಲ್ಲರಿಗೂ ಮಾಡುವಷ್ಟು ಹಣ ಇಲ್ಲ.

ಅಂಕಿ_ಅಂದಾಜು

ಲೆಕ್ಕ ಹೀಗೆ ಇಡಿ. ನಿರೀಕ್ಷಿತ ಪ್ರಮಾಣ ಶೇ. 10, ಆಚೀಚೆ ಶೇ. 2ರ ನಿಖರತೆ ಎಂದರೆ 3.84 × 0.10 × 0.90 ÷ 0.0004 = 864. ಇದು ಚೀಟಿ ಎತ್ತಿ ಆರಿಸಿದಾಗಿನ ಲೆಕ್ಕ. ನೀವು ವಾರ್ಡುಗಳನ್ನು ಗೊಂಚಲಾಗಿ ಆರಿಸುತ್ತೀರಿ, ಒಂದು ವಾರ್ಡಿನವರು ಒಂದೇ ಬಾವಿ-ಅಂಗಡಿ-ಕೆಲಸ ಹಂಚಿಕೊಂಡವರು, ಪರಸ್ಪರ ಹೋಲುತ್ತಾರೆ. ಗೊಂಚಲಿಗೆ 50 ಮಂದಿ, ಒಳಹೋಲಿಕೆ 0.01 ಎಂದಿಟ್ಟರೆ ಡಿಸೈನ್ ಎಫೆಕ್ಟ್ 1 + 49 × 0.01, ಅಂದರೆ ಸುಮಾರು 1.5. 864ಕ್ಕೆ ಗುಣಿಸಿದರೆ 1,296. ಶೇ. 15 ಮಂದಿ ಸಿಗುವುದಿಲ್ಲ ಅಥವಾ ಒಪ್ಪುವುದಿಲ್ಲ ಎಂದು 0.85ರಿಂದ ಭಾಗಿಸಿದರೆ 1,525. 30 ಗೊಂಚಲು, ತಲಾ 51. ಸಮಿತಿಗೆ ಇದು ಸಾಕು. 2,400ರಿಂದ ನಿಖರತೆ ಶೇ. 2ರಿಂದ ಸುಮಾರು 1.6ಕ್ಕೆ ಇಳಿಯಬಹುದು ಅಷ್ಟೆ, ಆದರೆ ಡಿಪ್‌ಸ್ಟಿಕ್ ಮತ್ತು ಒಂದೇ ಭೇಟಿಯಿಂದ ಬರುವ ತಪ್ಪು ಅದರ ಹಲವು ಪಟ್ಟು. ಸಂಖ್ಯೆ ಹೆಚ್ಚಿಸಿದರೆ ಯಾದೃಚ್ಛಿಕ ತಪ್ಪು ಕರಗುತ್ತದೆ, ಒಂದೇ ಕಡೆಗೆ ವಾಲಿದ ತಪ್ಪು ಹಾಗೆಯೇ ಉಳಿಯುತ್ತದೆ. ಮಾರ್ಗದರ್ಶಕರಿಗೆ ಇದನ್ನೇ ತೋರಿಸಿ.

ವಾಲುವಿಕೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಉಂಟು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 2,091 ಮಂದಿಯನ್ನು ನೋಡಿದ ಕಿಡ್ಸ್ ಯೋಜನೆಯ ವರದಿ 2014ರಲ್ಲಿ ಬಂತು. ಎಂಡಿಆರ್‌ಡಿ ಸೂತ್ರದಲ್ಲಿ ಸಿಕೆಡಿ ಶೇ. 6.3, ಮೈಯ ವಿಸ್ತೀರ್ಣಕ್ಕೆ ಹೊಂದಿಸಿದ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಶೇ. 16.54. ಅದೇ ಜನ, ಅದೇ ರಕ್ತ. ಸೂತ್ರವನ್ನು ಮೊದಲೇ ಪ್ರೋಟೋಕಾಲಿನಲ್ಲಿ ಬರೆದು ಕಟ್ಟುಬೀಳಿ, ಜತೆಗೆ ಕಚ್ಚಾ ಕ್ರಿಯಾಟಿನಿನ್ ಕಾಯ್ದಿಡಿ. ನಾಳೆ ಸೂತ್ರ ಬದಲಾದರೂ ಮರುಲೆಕ್ಕ ಹಾಕಬಹುದು.

ಸಿಸ್ಟಾಟಿನ್-ಸಿಯನ್ನು ಎಲ್ಲರಿಗೂ ಮಾಡಬೇಕಿಲ್ಲ. ಕ್ರಿಯಾಟಿನಿನ್‌ನಿಂದ ಇಜಿಎಫ್‌ಆರ್ 45ರಿಂದ 75 ಬಂದವರೆಲ್ಲರಿಗೂ, ಉಳಿದವರಲ್ಲಿ ಚೀಟಿ ಎತ್ತಿದ 150 ಮಂದಿಗೂ ಮಾಡಿ, ತೂಕ ಹಾಕಿ ಲೆಕ್ಕ ಮಾಡಿ. ಸ್ನಾಯು ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಕಡಿಮೆ, ಸೂತ್ರ ಕಿಡ್ನಿಯನ್ನು ಇದ್ದುದಕ್ಕಿಂತ ಚೆನ್ನಾಗಿದೆ ಎನ್ನುತ್ತದೆ. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ ಇನ್ಯುಲಿನ್ ಕ್ಲಿಯರೆನ್ಸ್ ಅಂದರೆ ಸೋಸುವಿಕೆಯ ನೇರ ಅಳತೆಯ ಜತೆ ಹೋಲಿಸಿದಾಗ ಪಾಶ್ಚಾತ್ಯ ಸೂತ್ರಗಳು ನಮ್ಮವರ ಜಿಎಫ್‌ಆರ್‌ನನ್ನು ಹೆಚ್ಚು ತೋರಿಸಿದ್ದವು. ಸಿಸ್ಟಾಟಿನ್ ಸ್ನಾಯುವಿಗೆ ಅಂಟಿಕೊಂಡಿಲ್ಲ, ಆದರೆ ಥೈರಾಯ್ಡ್, ಸ್ಟೀರಾಯ್ಡ್, ಬೀಡಿ-ಸಿಗರೇಟು, ಬೊಜ್ಜು, ಉರಿಯೂತ ಇವೆಲ್ಲ ಅದನ್ನು ಅಲುಗಾಡಿಸುತ್ತವೆ. ಎರಡನ್ನೂ ಸೇರಿಸಿದ ಸೂತ್ರವೇ ಹೆಚ್ಚು ಭರವಸೆಯದ್ದು. 2024ರ ಕೆಡಿಗೋ ಕೂಡ ಸಿಸ್ಟಾಟಿನ್ ಲಭ್ಯವಿದ್ದಲ್ಲಿ ಅದನ್ನೇ ಮುಂದಿಡುತ್ತದೆ.

ಇದೇ ಸ್ನಾಯುವಿನ ಕಾರಣಕ್ಕೆ ಹಿಂಬಾಲಿಕೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ: ಇಜಿಎಫ್‌ಆರ್ 105 ದಾಟಿದವರಲ್ಲಿ ಸಾವು ಮತ್ತೆ ಏರಿ ನಕ್ಷೆ ಬಟ್ಟಲಿನಂತೆ ಬಾಗುತ್ತದೆ. ಅವರ ಕಿಡ್ನಿ ಅತಿ ಚೆನ್ನಾಗಿರುವುದರಿಂದ ಸಾಯುವುದಲ್ಲ. ಕ್ಷಯ, ಕ್ಯಾನ್ಸರ್, ಅಪೌಷ್ಟಿಕತೆಯಿಂದ ಸೊರಗಿದವರ ಕ್ರಿಯಾಟಿನಿನ್ ಕಡಿಮೆ ಇರುತ್ತದೆ. ಹಾಗಾಗಿ ಇಜಿಎಫ್‌ಆರ್‌ನನ್ನು ಸರಳರೇಖೆಯಾಗಿ ಮಾದರಿಗೆ ಹಾಕಬೇಡಿ, ಸ್ಪ್ಲೈನ್ ಅಂದರೆ ಬಾಗುವ ರೇಖೆ ಹಾಕಿ. ಎಸಿಆರ್‌ಗೆ ಲಾಗ್ ತೆಗೆಯಿರಿ.

ಎರಡನೇ ಸುತ್ತಿಗೆ ಬರೇ 'ಪಾಸಿಟಿವ್' ಬಂದವರನ್ನು ಕರೆಯುವುದು ಎಲ್ಲರೂ ಮಾಡುವ ಕ್ರಮ, ಅದರಲ್ಲಿ ಒಂದು ಓಟೆ ಉಂಟು. ಒಬ್ಬನ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಸುಮಾರು ಶೇ. 5 ಏರಿಳಿಯುತ್ತದೆ, ಎಸಿಆರ್ ಅಂತೂ ಶೇ. 30–50. 58 ಇದ್ದವರು ಮರುಪರೀಕ್ಷೆಯಲ್ಲಿ 63 ಆಗಿ ಹೊರಗೆ ಹೋಗುತ್ತಾರೆ, 62 ಇದ್ದವರಲ್ಲಿ 57ಕ್ಕೆ ಇಳಿಯಬೇಕಾದವರನ್ನು ನೀವು ಕರೆಯುವುದೇ ಇಲ್ಲ. ಸೋರುವುದು ಒಂದೇ ದಿಕ್ಕಿಗೆ. ಪಾಸಿಟಿವ್ ಅಂದಾಜು 225 ಮಂದಿ ಆದರೆ, ನೆಗೆಟಿವ್ ಬಂದ 1,275ರಲ್ಲಿ 100 ಮಂದಿಯನ್ನು ಚೀಟಿ ಎತ್ತಿ ಕರೆಯಿರಿ. ಒಬ್ಬೊಬ್ಬರೂ ಸುಮಾರು 13 ಮಂದಿಯ ಪ್ರತಿನಿಧಿ. ಅವರಲ್ಲಿ ಎರಡನೇ ಸಲ ಮಾತ್ರ ಕೆಳಗೆ ಬಂದವರನ್ನು ಸಿಕೆಡಿ ಎಂದು ಎಣಿಸಲಿಕ್ಕಲ್ಲ, ಅಳತೆಯ ಅಲುಗಾಟ ಎಷ್ಟೆಂದು ತಿಳಿಯಲಿಕ್ಕೆ.

ವಯಸ್ಸಿನ ಪ್ರಮಾಣೀಕರಣ ಮಾಡದೆ ಬೇರೆ ಜಿಲ್ಲೆಯ ಜತೆ ಹೋಲಿಸಲೇಬೇಡಿ. 2011ರ ಜನಗಣತಿಯಲ್ಲಿ ಉಡುಪಿಯಲ್ಲಿ 1,000 ಗಂಡಸರಿಗೆ 1,094 ಹೆಂಗಸರು. ಪ್ರಾಯದ ಗಂಡಸರು ಮುಂಬೈ, ಬೆಂಗಳೂರು, ಗಲ್ಫ್‌ನಲ್ಲಿದ್ದಾರೆ, ಮನೆಯಲ್ಲಿ ಉಳಿದವರು ಹಿರಿಯರು. ಇಜಿಎಫ್‌ಆರ್ ವಯಸ್ಸಿನೊಂದಿಗೆ ಇಳಿಯುವಂಥದ್ದು, ಕಚ್ಚಾ ಅಂಕಿ ಇಲ್ಲಿ ಹೇಗಿದ್ದರೂ ಹೆಚ್ಚೇ ಬರುತ್ತದೆ. ಮತದಾರರ ಪಟ್ಟಿಯಿಂದ ಆರಿಸಿದರೆ ಊರಲ್ಲಿಲ್ಲದವರೇ ಚೀಟಿಯಲ್ಲಿ ಬರುತ್ತಾರೆ. ಆಶಾ ಕಾರ್ಯಕರ್ತೆಯರ ಮನೆಪಟ್ಟಿ ಹೆಚ್ಚು ಹೊಸತಾಗಿರುತ್ತದೆ.

ಐದು ವರ್ಷದಲ್ಲಿ 1,500 ಮಂದಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರು ಬೆರಳೆಣಿಕೆ. ಕಿಡ್ನಿ ವೈಫಲ್ಯವನ್ನು ಮುಖ್ಯ ಫಲಿತಾಂಶ ಎಂದು ಬರೆಯಬೇಡಿ. ಸಾವು, ಹೃದಯ-ಮೆದುಳಿನ ಘಟನೆಗಳು, ಇಜಿಎಫ್‌ಆರ್‌ನಲ್ಲಿ ಶೇ. 40ರ ಇಳಿಕೆ ಇವನ್ನು ಇಡಿ. ಹೃದಯಾಘಾತದಿಂದ ಮೊದಲೇ ತೀರಿಕೊಂಡವರಿಗೆ ಆಮೇಲೆ ಕಿಡ್ನಿ ಇಳಿಯುವ ಅವಕಾಶವೇ ಇಲ್ಲ, ಅದನ್ನು ಸ್ಪರ್ಧಾತ್ಮಕ ಅಪಾಯವಾಗಿ ಲೆಕ್ಕಕ್ಕೆ ತನ್ನಿ. ಮನೆಯಲ್ಲಾದ ಸಾವಿನ ಕಾರಣಕ್ಕೆ ವರ್ಬಲ್ ಅಟಾಪ್ಸಿ (ಮನೆಯವರನ್ನು ಕೇಳಿ ಕಾರಣ ಗುರುತಿಸುವ) ನಮೂನೆ ಬೇಕೇಬೇಕು.

ಫೀಲ್ಡ್_ಮೇಲ್ವಿಚಾರಕಿ_ಮಲ್ಪೆ

ಸರ್, ಜೂನ್–ಜುಲೈಯಲ್ಲಿ ಗಂಡಸರು ಸಿಗುತ್ತಾರೆ ನಿಜ. ಆದರೆ ಮೀನುಗಾರರನ್ನು ಮಳೆಗಾಲದಲ್ಲಿ, ಉಳಿದವರನ್ನು ಚಳಿಗಾಲದಲ್ಲಿ ನೋಡಿದರೆ ವ್ಯತ್ಯಾಸ ಕಸುಬಿನದ್ದೋ ಋತುವಿನದ್ದೋ ಹೇಳಲಿಕ್ಕೆ ಆಗುವುದಿಲ್ಲ. ಅದೇ ವಾರ್ಡಿನ ಮೀನುಗಾರಿಕೆಗೆ ಹೋಗದ ಗಂಡಸರನ್ನೂ ಅದೇ ವಾರ ನೋಡಿ. ಜೂನ್ ಮೊದಲರ್ಧವೇ ಒಳ್ಳೆಯದು, ಜ್ವರ ಇನ್ನೂ ಏರಿರುವುದಿಲ್ಲ. ಎರಡನೇ ಸುತ್ತು ಅಕ್ಟೋಬರ್-ನವೆಂಬರಿಗೆ ಬರುತ್ತದೆ, ಆಗ ಬೋಟುಗಳು ಹೊರಗೆ. ಆಳಸಮುದ್ರದ ಬೋಟು ದಕ್ಕೆಗೆ ಬಂದ ದಿನವೇ ರಕ್ತ ತೆಗೆಯಬೇಡಿ, ನಿದ್ದೆ ಇಲ್ಲ, ನೀರು ಕುಡಿದಿಲ್ಲ, ಮೈ ದಣಿದಿದೆ. ಒಂದು ರಾತ್ರಿ ಮನೆಯಲ್ಲಿ ಮಲಗಿದ ಮೇಲೆ ಬೆಳಿಗ್ಗೆ ಹೋಗಿ. ಬೋಟು ನಡೆಸುವ ತಾಂಡೇಲರ ಫೋನ್ ನಂಬರ್ ಇದ್ದರೆ ಬೋಟು ಬರುವ ದಿನ ಮೊದಲೇ ಗೊತ್ತಾಗುತ್ತದೆ.

ಮೂತ್ರದ ಬಾಟಲಿ ಮುನ್ನಾದಿನ ಸಂಜೆ ಆಶಾ ಕೈಯಲ್ಲಿ ಮನೆಗೆ ಹೋಗಬೇಕು, ಹೆಸರಲ್ಲ, ನಂಬರ್ ಅಂಟಿಸಿದ್ದು, ಮುಚ್ಚಳಕ್ಕಲ್ಲ, ಬಾಟಲಿಯ ಮೈಗೆ. ಮಳೆಯಲ್ಲಿ ಪೆನ್ನಿನ ಬರಹ ತೊಳೆದುಹೋಗುತ್ತದೆ, ಬಾರ್‌ಕೋಡ್ ಸ್ಟಿಕ್ಕರ್ ಮೇಲೆ ಸೆಲ್ಲೋಟೇಪ್ ಹಾಕಿ. ಮುಟ್ಟಿನ ವಿಷಯ ಆಶಾ ಅಕ್ಕನೇ ಕೇಳಲಿ, ಗಂಡಸು ಇಂಟರ್ನ್ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ರಕ್ತಕ್ಕೆ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಅದರ ಮೇಲೆ ಬೀಡಿ ಬ್ರಾಂಚಿಗೆ, ಗೇರು ಕಾರ್ಖಾನೆಗೆ ಹೊರಡುವ ಹೊತ್ತು. ನೇಮ, ಯಕ್ಷಗಾನ ಇದ್ದ ಊರಲ್ಲಿ ಮರುದಿನ ಕ್ಯಾಂಪ್ ಇಟ್ಟರೆ ಯಾರೂ ಏಳುವುದಿಲ್ಲ. ರಂಜಾನ್ ತಿಂಗಳಲ್ಲಿ ಬ್ಯಾರಿ ಮನೆಗಳನ್ನು ಬಿಟ್ಟು ಆಮೇಲೆ ಹೋಗಿ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೂ ಓದಿ ವಿವರಿಸುವವರಿಗೆ ತುಳು ಬರಬೇಕು, ಕೆಲವು ಮನೆಗಳಿಗೆ ಬ್ಯಾರಿ, ಕೊಂಕಣಿ.

ಬಿಪಿಗೆ ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಕಾಲು ನೆಲಕ್ಕೆ. ಮೂರು ಸಲ ನೋಡಿ ಕೊನೆಯ ಎರಡರ ಸರಾಸರಿ ತೆಗೆಯಿರಿ. ಜಗಲಿಯಲ್ಲಿ ಹತ್ತು ಮಂದಿ ಮಾತಾಡುತ್ತಿರುವಾಗ ನೋಡಿದ ಬಿಪಿ ಹೆಚ್ಚೇ ಬರುತ್ತದೆ, ಒಳಗಿನ ಕೋಣೆ ಕೇಳಿ. ಬಲೆ ಎಳೆದು ತೋಳು ದಪ್ಪ ಇರುವವರಿಗೆ ದೊಡ್ಡ ಕಫ್ ಬೇಕು, ಮಧ್ಯಮ ಕಫ್ 32 ಸೆಂ.ಮೀ. ತೋಳಿನವರೆಗೆ ಮಾತ್ರ.

ನೆಫ್ರಾನ್_ಮಂಗಳೂರು

ಮೇಡಂ ಹೇಳಿದ ಜೂನ್ ಮೊದಲರ್ಧಕ್ಕೆ ನನ್ನ ಪೂರ್ಣ ಒಪ್ಪಿಗೆ ಉಂಟು.

ಒಂದು ಬಿಟ್ಟುಹೋಯಿತು: ಫಲಿತಾಂಶ ವಾಪಸು ಕೊಡುವುದು. ಎಥಿಕ್ಸ್ ಸಮಿತಿ ಕೇಳುತ್ತದೆ ಎಂಬುದಕ್ಕಲ್ಲ, ಇವರಿಗೆ ಈಗ ಚಿಕಿತ್ಸೆ ಉಂಟು ಎಂಬುದಕ್ಕೆ. ಎಸಿಆರ್ ಏರಿದವರಿಗೆ ಎಸಿಇ ಇನ್‌ಹಿಬಿಟರ್ ಅಥವಾ ಎಆರ್‌ಬಿ ಎಂಬ ಬಿಪಿ ಔಷಧಿ, ಅದರ ಮೇಲೆ ಡಾಪಾಗ್ಲಿಫ್ಲೋಜಿನ್‌ನಂಥ ಔಷಧಿಗಳು ಕಿಡ್ನಿ ಇಳಿಯುವ ವೇಗವನ್ನು ತಗ್ಗಿಸುತ್ತವೆ. ಬಿಪಿ 180/110 ದಾಟಿದವರನ್ನು ಅದೇ ದಿನ ವೈದ್ಯರ ಹತ್ತಿರ ಕಳುಹಿಸಿ. ಇಜಿಎಫ್‌ಆರ್ 30ರ ಕೆಳಗೆ ಬಂದವರಿಗೆ ಮೂರು ತಿಂಗಳು ಕಾಯುವ ಮಾತೇ ಇಲ್ಲ, ಒಂದು ವಾರದೊಳಗೆ ಮರುಪರೀಕ್ಷೆ ಮಾಡಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಮೆಡಿಕಲ್ ಕಾಲೇಜಿಗೋ ಪತ್ರ ಕೊಡಿ. ಎಸಿಆರ್ 300 ದಾಟಿದವರನ್ನೂ ಹಾಗೆಯೇ. ಉಳಿದವರಿಗೆ ಕನ್ನಡದ ಒಂದು ಚೀಟಿ ಸಾಕು: ಅಂಕಿ, ಅದರ ಅರ್ಥ, ಮುಂದಿನ ಪರೀಕ್ಷೆಯ ತಿಂಗಳು.

ಹೀಗೆ ಕಳುಹಿಸಿದವರಲ್ಲಿ ಕೆಲವರು ಎರಡನೇ ಸುತ್ತಿಗೆ ಬರುವಾಗ ಔಷಧಿ ಶುರುಮಾಡಿರುತ್ತಾರೆ. ಎಸಿಇ, ಎಆರ್‌ಬಿ ಶುರುಮಾಡಿದ ಮೇಲೆ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೂ ಸಾಮಾನ್ಯವಾಗಿ ಔಷಧಿ ಮುಂದುವರಿಸುತ್ತೇವೆ, ಅದು ಕಾಯಿಲೆ ಹೆಚ್ಚಾದ ಗುರುತಲ್ಲ. ಎಸಿಆರ್ ಅದೇ ಔಷಧಿಯಿಂದ ಇಳಿದಿರುತ್ತದೆ. ದಾಖಲೆಯಲ್ಲಿ ಔಷಧಿ ಶುರುವಾದ ದಿನಾಂಕ ಇಲ್ಲದಿದ್ದರೆ ಕ್ರಿಯಾಟಿನಿನ್ ಏರಿದವರು 'ಹದಗೆಟ್ಟವರು', ಎಸಿಆರ್ ಇಳಿದವರು 'ಸಿಕೆಡಿ ಇಲ್ಲದವರು' ಎಂದು ವಿಶ್ಲೇಷಣೆಗೆ ಹೋಗುತ್ತಾರೆ. ಎರಡನೇ ಸುತ್ತಿನ ನಮೂನೆಯಲ್ಲಿ ಮೊದಲ ಪುಟದಲ್ಲೇ ಔಷಧಿಯ ಹೆಸರು, ಪ್ರಮಾಣ, ಶುರುವಾದ ದಿನಾಂಕ ಈ ಮೂರು ಕಾಲಮ್ಮು ಹಾಕಿಸಿ, ಚೀಟಿ ನೋಡಿಯೇ ತುಂಬಿಸಿ.